ಉಜ್ಜಿದರೆ ಬರುವ ಕೆಂಪು

ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕೆಂಪು ಕಾರಿನ ಬಾನೆಟ್ಟು ಮತ್ತು ಟಾಪು ಮೊದಲು ಹೊಳಪು ಕಳೆದುಕೊಳ್ಳುತ್ತವೆ, ಆಮೇಲೆ ಬಿಳಿಚಿಕೊಳ್ಳುತ್ತವೆ, ಕೊನೆಗೆ ತಿಳಿಗುಲಾಬಿಗೆ ತಿರುಗುತ್ತವೆ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ಅನೇಕ ಸಲ ಕೆಂಪು ಮರಳುತ್ತದೆ. ಹೀಗೆ ಮರಳಿದ್ದು ಅಲ್ಲೇ ಮರೆಯಾಗಿದ್ದ ಕೆಂಪೋ, ಹೊಸದಾಗಿ ಹುಟ್ಟಿದ ಕೆಂಪೋ? ಮಡಕೆ, ಕನ್ನಡಿಗಳನ್ನು ಮುಂದಿಟ್ಟುಕೊಂಡು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ್ದು ಇಂಥದ್ದೇ ಪ್ರಶ್ನೆಯನ್ನು.

ಬಣ್ಣ ಮಾಸುವಾಗ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಅತಿನೇರಳೆ ಕಿರಣಕ್ಕೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕ ಪೇಂಟಿನ ರಾಳ ಶಿಥಿಲವಾಗಿ, ಮೇಲ್ಮೈ ಸೀಮೆಸುಣ್ಣದ ಪುಡಿಯಂತಾಗುತ್ತದೆ. ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಕೆಂಪಿಗೆ ಬಿಳಿ ಬೆರೆತಂತಾಗುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಸುರಿದರೆ ತರಿತರಿಯೆಲ್ಲ ತುಂಬಿಕೊಂಡು ಹಳೆಯ ಕೆಂಪು ಕಾಣಿಸಿಕೊಳ್ಳುತ್ತದೆ. ನೀರು ಆರಿದೊಡನೆ ಮಾಯವಾಗುತ್ತದೆ. ಇನ್ನೊಂದು ಸಂಗತಿ ವರ್ಣದ್ರವ್ಯದ ಒಳಗೇ ನಡೆಯುವಂಥದ್ದು. ನೀಲಿ, ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದಲೇ ಕೆಂಪು ವಸ್ತು ಕೆಂಪಾಗಿ ಕಾಣುತ್ತದೆ, ಮತ್ತು ನೀಲಿ ಬೆಳಕಿನ ಕಣದಲ್ಲಿ ಶಕ್ತಿ ಹೆಚ್ಚು. ಹಳೆಯ ಸಾವಯವ ಕೆಂಪುಗಳಲ್ಲಿ ಹಲವು ಈ ಪೆಟ್ಟನ್ನು ತಾಳಲಾರದೆ ಅಣುಮಟ್ಟದಲ್ಲೇ ಒಡೆಯುತ್ತಿದ್ದವು. 1958ರಲ್ಲಿ ಮಾರುಕಟ್ಟೆಗೆ ಬಂದ ಕ್ವಿನಾಕ್ರಿಡೋನ್ ವರ್ಗದ ಬಣ್ಣಗಳು ಹೆಚ್ಚು ಬಾಳಿಕೆಯವು. ಕೆಮ್ಮಣ್ಣಿನ ಕೆಂಪು, ಅಂದರೆ ಕಬ್ಬಿಣದ ಆಕ್ಸೈಡು, ಬಿಸಿಲಿಗೆ ಜಗ್ಗುವುದೇ ಇಲ್ಲ. ಆದರೆ ಗೋಡೆಯ ಕಾವಿಗೆ ಒಪ್ಪುವ ಆ ಮಂಕು ಕೆಂಪು, ಮಿರುಗುವ ಕಾರು ಬೇಕೆನ್ನುವವರ ಕಣ್ಣಿಗೆ ಹಿಡಿಸದು.

ಮೊದಲನೆಯದು ಮರೆಯಾಗುವುದು, ಎರಡನೆಯದು ನಾಶ. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ, ಹುಟ್ಟುವುದೆಂದರೆ ತೋರಿಕೊಳ್ಳುವುದು ಎನ್ನುವ ಸಾಂಖ್ಯರಿಗೆ ನೀರು ಸುರಿದ ಬಾನೆಟ್ಟು ಒಳ್ಳೆಯ ಸಾಕ್ಷಿಯಾದೀತು. ಇಲ್ಲದ್ದೇ ಹೊಸದಾಗಿ ಹುಟ್ಟುತ್ತದೆ ಎನ್ನುವ ನ್ಯಾಯ-ವೈಶೇಷಿಕರ ಕಡೆಗೆ ಒಡೆದ ಅಣು ನಿಲ್ಲುತ್ತದೆ. ವೈಶೇಷಿಕರ ಹೆಸರಾಂತ ಉದಾಹರಣೆಯೂ ಕೆಂಪಿನದೇ: ಆವಿಗೆಯಲ್ಲಿ ಬೆಂದ ಮಡಕೆ. ತೇಜಸ್ಸಿನ, ಅಂದರೆ ಅಗ್ನಿತತ್ವದ, ಸಂಯೋಗದಿಂದ ಹಸಿ ಮಡಕೆಯ ಕಪ್ಪು ಅಳಿದು ಕೆಂಪು ಹುಟ್ಟುತ್ತದೆ. ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಅವು ಬೆಂದು ಮತ್ತೆ ಕೂಡುತ್ತವೆ ಎಂಬುದು ವೈಶೇಷಿಕರ ಪೀಲುಪಾಕವಾದ. ಮಡಕೆ ಇಡಿಯಾಗಿಯೇ ಬೇಯುತ್ತದೆ, ಇಲ್ಲದಿದ್ದರೆ ಇದು ಅದೇ ಮಡಕೆ ಎಂದು ಗುರುತಿಸುವುದು ಹೇಗೆ ಎಂಬುದು ನೈಯಾಯಿಕರ ಪಿಠರಪಾಕವಾದ. ಸೂರ್ಯನೂ ತೇಜಸ್ಸೇ. ಮಡಕೆಗೆ ಕೆಂಪು ಕೊಡುವ ತೇಜಸ್ಸು ಕಾರಿನ ಕೆಂಪನ್ನು ಕಿತ್ತುಕೊಳ್ಳುತ್ತದೆ. ಮಾಸಿದ ಕಾರನ್ನೂ ಒಡೆಯ ತನ್ನದೆಂದೇ ಗುರುತಿಸುವುದರಿಂದ ನೈಯಾಯಿಕರ ಮಾತು ಸಹಜವಾಗಿ ಕೇಳಿಸುತ್ತದೆ. ಬಣ್ಣದ ಬದಲಾವಣೆ ನಡೆದದ್ದು ಕಣ್ಣಿಗೆ ಕಾಣದ ಸೂಕ್ಷ್ಮದಲ್ಲಿ ಎಂಬಷ್ಟರಲ್ಲಿ ವೈಶೇಷಿಕರ ಊಹೆಯೂ ಹುಸಿಯಲ್ಲ.

ಉಜ್ಜುವ ಕ್ರಿಯೆಯನ್ನೇ ಹಿಡಿದು ನಡೆದ ವಾದ ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿದೆ. ನಾಲ್ಕನೆಯ ಸೂತ್ರದ ವ್ಯಾಖ್ಯಾನದಲ್ಲಿ ಅವರು ಕ್ರಿಯೆಯ ಫಲವನ್ನು ನಾಲ್ಕು ಬಗೆಯಾಗಿ ನೋಡುತ್ತಾರೆ: ಹುಟ್ಟಿಸುವುದು, ಮಾರ್ಪಡಿಸುವುದು, ಪಡೆಯುವುದು, ಸಂಸ್ಕರಿಸುವುದು. ಸಂಸ್ಕಾರವೂ ಎರಡು ತೆರ, ಗುಣ ಸೇರಿಸುವುದು ಮತ್ತು ದೋಷ ಕಳೆಯುವುದು. ಗ್ಯಾರೇಜಿನ ಕೆಲಸವೂ ಇದೇ ಸಾಲಿನಲ್ಲಿ ಕೂರುತ್ತದೆ. ಕಾಂಪೌಂಡು ದೋಷ ಕಳೆಯುತ್ತದೆ, ವ್ಯಾಕ್ಸು ಗುಣ ಸೇರಿಸುತ್ತದೆ, ಹೊಸ ಪೇಂಟು ಹುಟ್ಟಿಸುತ್ತದೆ.

ಮೋಕ್ಷ ಈ ನಾಲ್ಕರಲ್ಲಿ ಯಾವುದೂ ಅಲ್ಲ ಎಂಬುದು ಶಂಕರರ ನಿಲುವು. ಎದುರುವಾದ ಹೂಡುವ ಪೂರ್ವಪಕ್ಷಿ ಅಲ್ಲಿ ಕನ್ನಡಿಯನ್ನು ಎತ್ತುತ್ತಾನೆ: ಮೋಕ್ಷ ಆತ್ಮನದೇ ಧರ್ಮ, ಮರೆಯಾಗಿದೆ, ತಿಕ್ಕಿದ ಕನ್ನಡಿಯ ಹೊಳಪಿನಂತೆ ಸಂಸ್ಕಾರದಿಂದ ತೋರಿಕೊಳ್ಳುತ್ತದೆ ಎನ್ನಬಾರದೇಕೆ? ಆ ಕಾಲದ ಕನ್ನಡಿ ಲೋಹದ್ದು, ಮಂಕಾದಾಗ ತಿಕ್ಕಲೇಬೇಕಿತ್ತು. ಭಗವದ್ಗೀತೆಯ ಮೂರನೆಯ ಅಧ್ಯಾಯದ ಕೊಳೆ ಮುಚ್ಚಿದ ಕನ್ನಡಿಯನ್ನು ಬಲ್ಲವರಿಗೆ ಈ ಆಕ್ಷೇಪ ಸುಲಭವಾಗಿ ಹಿಡಿಸುತ್ತದೆ. ಶಂಕರರು ಒಪ್ಪುವುದಿಲ್ಲ. ಕ್ರಿಯೆ ಯಾವುದರ ಮೇಲೆ ನಡೆಯುತ್ತದೋ ಅದನ್ನು ಮಾರ್ಪಡಿಸದೆ ಇರಲಾರದು. ಆತ್ಮ ಉಜ್ಜಿಸಿಕೊಳ್ಳುವಂಥದ್ದಾದರೆ ಮಾರ್ಪಡುವಂಥದ್ದೂ ಆಯಿತು, ಆಗ ಅದರ ನಿತ್ಯತ್ವ ಉಳಿಯುವುದಿಲ್ಲ. ಸ್ನಾನ, ಆಚಮನಗಳಿಂದ ಆತ್ಮನಿಗೆ ಸಂಸ್ಕಾರವಾಗುವುದಿಲ್ಲವೇ ಎಂದರೆ, ಆ ಶುದ್ಧಿ ದೇಹವೇ ತಾನೆಂದುಕೊಂಡವನಿಗೆ ಸೇರಿದ್ದು.

ಈ ಉತ್ತರದ ಬಲ ಕಾರಿನ ಪಕ್ಕ ನಿಂತಾಗ ಹೆಚ್ಚು ತಿಳಿಯುತ್ತದೆ. ಪಾಲಿಶ್ ಎಂದರೆ ಮುಸುಕು ತೆಗೆಯುವುದಷ್ಟೇ ಎಂಬ ಭಾವನೆಗೆ ಉಜ್ಜಿದ ಬಟ್ಟೆಯೇ ವಿರುದ್ಧ ಸಾಕ್ಷಿ. ಒಂದೇ ಬಗೆಯ ಪೇಂಟು ಮೇಲಿನತನಕ ಇರುವ ಹಳೆಯ ಕಾರುಗಳಲ್ಲಿ ಬಟ್ಟೆ ಕೆಂಪಾಗುತ್ತದೆ. ಕಳೆದ ದೋಷ ಹೊರಗಿನಿಂದ ಬಂದು ಕೂತ ಧೂಳಲ್ಲ, ಕೆಟ್ಟುಹೋದ ಪೇಂಟೇ. ಈಚಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುವುದರಿಂದ ಬಟ್ಟೆಗೆ ಕೆಂಪು ಹತ್ತುವುದಿಲ್ಲ. ಸವೆಯುವುದು ಸುಮಾರು 40ರಿಂದ 50 ಮೈಕ್ರಾನ್ ದಪ್ಪದ ಆ ಪದರ. ಪ್ರತಿ ಪಾಲಿಶ್ ಅದರಲ್ಲಿ ಒಂದಿಷ್ಟು ತಿನ್ನುತ್ತದೆ. ಅತಿನೇರಳೆ ಕಿರಣವನ್ನು ತಡೆಯುವುದೂ ಅದೇ ಪದರವಾದ್ದರಿಂದ, ಅತಿಯಾಗಿ ಉಜ್ಜಿದ ಕಾರು ಬಿಸಿಲಿಗೆ ಇನ್ನೂ ಬೇಗ ಸೋಲುತ್ತದೆ.

ಕ್ಲಿಯರ್ ಕೋಟ್ ಸಿಪ್ಪೆಯಂತೆ ಏಳತೊಡಗಿದ ಮೇಲೆ ಸಂಸ್ಕಾರಕ್ಕೆ ಎಡೆಯಿಲ್ಲ, ಹುಟ್ಟಿಸುವುದೊಂದೇ ದಾರಿ. ಆಗ ಯಾವ ಕೆಂಪನ್ನು ಹುಟ್ಟಿಸಬೇಕು ಎಂಬ ತೊಡಕು ಎದುರಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ, ಬಿಸಿಲು ತಾಗದ ಕಡೆ, ಕಾರ್ಖಾನೆಯ ಕೆಂಪು ಉಳಿದಿರುತ್ತದೆ. ಒಂದು ಬಾಗಿಲಿಗೆ ಮಾತ್ರ ಆ ಕೆಂಪನ್ನು ಬಳಿದರೆ ಅದೊಂದು ತೇಪೆಯಾಗಿ ಎದ್ದು ಕಾಣುತ್ತದೆ. ಅನುಭವವಿರುವ ಪೇಂಟರ್ ಪಕ್ಕದ ಬಾಗಿಲು ಈಗ ಹೇಗಿದೆಯೋ ಅದಕ್ಕೆ ಹೊಂದುವಂತೆ ಹೊಸ ಬಣ್ಣವನ್ನು ಕಲಸಿ, ಅಂಚನ್ನು ಕ್ರಮೇಣ ತೆಳುವಾಗಿಸಿ ಹೊಡೆಯುತ್ತಾನೆ.