ಕೈ ಬದಲಾದ ವಸ್ತುವಿನ ಋಣ

ಹಳೆಯ ವಸ್ತುವೊಂದನ್ನು ಅಗ್ಗಕ್ಕೆ ಕೊಂಡು ಬೇರೊಂದು ಉಪಯೋಗಕ್ಕೆ ತಿರುಗಿಸಿಕೊಳ್ಳುವುದರಲ್ಲಿ ದೋಷವುಂಟೆ? ಇದು ವಿಚಾರಯೋಗ್ಯವಾದ ಪ್ರಶ್ನೆಯೆಂದು ಮೂರು ತಿಂಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆನು.

ಕಳೆದ ಮಾಘಮಾಸದಲ್ಲಿ ಶ್ರೀರಂಗಪಟ್ಟಣದ ಒಂದು ಗುಜರಿ ಅಂಗಡಿಯಲ್ಲಿ ಹಿತ್ತಾಳೆಯ ತೂಗುದೀಪವೊಂದು ನನ್ನ ಕಣ್ಣಿಗೆ ಬಿದ್ದಿತು. ಐದು ಬತ್ತಿಯ ದೀಪ, ಮೇಲೆ ಹಂಸ, ಉದ್ದನೆಯ ಸರಪಣಿ. ಅಂಗಡಿಯವನು ಅದನ್ನು ತಕ್ಕಡಿಯಲ್ಲಿಟ್ಟು, ಮುರಿದ ನಲ್ಲಿಗೂ ಕೆಟ್ಟ ಬೀಗಕ್ಕೂ ಕಟ್ಟುವ ದರವನ್ನೇ ಅದಕ್ಕೂ ಕಟ್ಟಿದನು. ಕುಶಲಕರ್ಮಕ್ಕೆ ಒಂದು ಕಾಸನ್ನೂ ಸೇರಿಸಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ. ಲಾಭವಾಯಿತೆಂದು ಹಿಗ್ಗಿ ಮನೆಗೆ ಬಂದೆನು.

ಮಗನು ಅದನ್ನು ನಡುಮನೆಯ ವಿದ್ಯುದ್ದೀಪವನ್ನಾಗಿ ಮಾಡಿಸಬೇಕೆಂದನು. ವಿದ್ಯುತ್ತಿನ ಕೆಲಸದವನು ಬಂದು ಎಣ್ಣೆಯ ಬಟ್ಟಲಿನ ತಳದಲ್ಲಿ ರಂಧ್ರವನ್ನು ಕೊರೆದು, ಸರಪಣಿಯ ಕೊಂಡಿಗಳ ನಡುವೆ ತಂತಿಯನ್ನು ಹಾಯಿಸಿ, ಲೋಹವಾದುದರಿಂದ ಅರ್ತಿಂಗ್ ತಂತಿಯನ್ನೂ ಸೇರಿಸಿ, ಐದು ವಾಟಿನ ಎಲ್‌ಇಡಿ ಬಲ್ಬನ್ನು ಕೂರಿಸಿದನು. ಎರಕವನ್ನು ಬೆರಳಿನಿಂದ ತಟ್ಟಿ ನೋಡಿ, "ಮೇಷ್ಟ್ರೇ, ಇದು ನಾಗಮಂಗಲದ ಕೆಲಸ ಇರಬೇಕು" ಎಂದನು. ಲೋಹದ ಎರಕಕ್ಕೆ ಹೆಸರಾದ ಊರು ಅದು. ಅವನ ಊಹೆ ನಿಜವಿದ್ದರೂ ಇರಬಹುದು.

ಅವನು ಹೋದ ಮೇಲೆ ನನ್ನ ಮನೆಯವರು ಅದನ್ನು ಹುಣಿಸೆಹಣ್ಣಿನಿಂದ ಉಜ್ಜತೊಡಗಿದರು. ಕಿಲುಬಿನ ಅಡಿಯಿಂದ ಅಕ್ಷರಗಳೆದ್ದುವು. ಒಬ್ಬ ಹೆಂಗಸಿನ ಹೆಸರು. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಗ್ರಾಮದ ಹೆಸರು. ಅದರ ಕೆಳಗೆ, ತವರಿನ ಬಳುವಳಿ ಎಂಬ ಎರಡು ಮಾತು. ಆ ಹೆಸರುಗಳನ್ನು ಇಲ್ಲಿ ಕಾಣಿಸುವುದು ಯುಕ್ತವಲ್ಲ. ಮೊದಲು ಉಜ್ಜಿ ಆಮೇಲೆ ಕೊರೆಯಿಸಿದ್ದರೆ ಎಂದು ಅನೇಕ ಸಲ ಅಂದುಕೊಂಡಿದ್ದೇನೆ. ಈಗ ಅದರಲ್ಲಿ ಎಣ್ಣೆ ಹೊಯ್ದರೆ ನಿಲ್ಲದು.

ನಮ್ಮ ಧರ್ಮಶಾಸ್ತ್ರದಲ್ಲಿ ಅಸ್ವಾಮಿವಿಕ್ರಯವೆಂದು ಒಂದು ವಿವಾದಪದವುಂಟು; ಒಡೆಯನಲ್ಲದವನು ಮಾರಿದ ವಸ್ತುವಿನ ವಿಚಾರ. ಕೊಂಡವನನ್ನು ಯಾವಾಗ ಕಳ್ಳನೆಂದೇ ಎಣಿಸತಕ್ಕದ್ದೆಂಬುದನ್ನು ಯಾಜ್ಞವಲ್ಕ್ಯರು ಹೇಳುತ್ತಾರೆ. ಅಂಥ ದ್ರವ್ಯವನ್ನು ಹೊಂದಿರಲು ತಕ್ಕವನಲ್ಲದವನಿಂದ, ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಕಡಮೆಯ ಬೆಲೆಗೆ ಕೊಂಡರೆ ಅವನು ದೋಷಿ. ನಾನು ಕೊಂಡದ್ದು ಬಹಿರಂಗವಾದ ಅಂಗಡಿಯಲ್ಲಿ, ನಡುಹಗಲಿನಲ್ಲಿ, ಹತ್ತು ಮಂದಿಯ ಎದುರಿಗೆ. ಉಳಿದುದು ಬೆಲೆಯೊಂದೇ. ಮೇಲುಕೋಟೆಯ ಪಾಠಶಾಲೆಯಲ್ಲಿ ಈ ಭಾಗವನ್ನೋದಿದ ಕಾಲಕ್ಕೆ, ಹೀನಮೂಲ್ಯವೆಂಬುದು ಕಳವಿನ ಗುರುತೆಂದಷ್ಟೇ ತಿಳಿದಿದ್ದೆನು. ಅದು ಸಂಕಟದ ಗುರುತೂ ಆಗಿರಬಹುದೆಂದು ಆಗ ತೋರಿರಲಿಲ್ಲ. ತವರಿನ ದೀಪವನ್ನು ತಕ್ಕಡಿಗೆ ಹಾಕುವ ಮನೆಯಲ್ಲಿ ಆ ದಿನ ಏನಾಗಿತ್ತೋ! ಒಡೆಯರೇ ಮಾರಿದ್ದರೆ ಕಾನೂನಿನ ತೊಡಕು ತೀರಿತು. ಮನಸ್ಸಿನದು ತೀರುವುದಿಲ್ಲ.

ಮೀಮಾಂಸಕರಲ್ಲಿ ಪ್ರತಿಪತ್ತಿಕರ್ಮವೆಂಬುದೊಂದಿದೆ. ಯಜ್ಞದಲ್ಲಿ ಯಜಮಾನನು ಮೈ ತುರಿಸಿಕೊಳ್ಳುವುದಕ್ಕೆ ಬಳಸಿದ ಜಿಂಕೆಯ ಕೊಂಬನ್ನು ಸಹ, ಕೆಲಸ ಮುಗಿದ ಮೇಲೆ ಮನಬಂದಲ್ಲಿ ಎಸೆಯಕೂಡದು. ಚಾತ್ವಾಲವೆಂಬ ಗುಂಡಿಯಲ್ಲಿಯೇ ಹಾಕಬೇಕು. ಸೇವೆ ಮಾಡಿದ ವಸ್ತುವನ್ನು ಬಿಡುವುದಕ್ಕೂ ಒಂದು ಕ್ರಮವುಂಟೆಂದು ಇದರ ತಾತ್ಪರ್ಯ. ದಿನವೂ ಸಂಜೆ ಒಬ್ಬಳು ಬತ್ತಿ ಹೊಸೆದು ಹಚ್ಚಿದ ದೀಪಕ್ಕೆ ಗುಜರಿಯ ರಾಶಿಯಲ್ಲಿ ಎಂಥ ಪ್ರತಿಪತ್ತಿ?

1799ರ ಮೇ 4ರಂದು ನಮ್ಮೂರ ಕೋಟೆ ಬಿದ್ದ ಮೇಲೆ ಟೀಪುವಿನ ಸಿಂಹಾಸನವನ್ನು ಒಡೆದು ಹಂಚಿದರು. ಅದರ ಹುಲಿಯ ತಲೆಯೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂದಿಗೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿವೆ. ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ನಾನು ಕೋಪದಿಂದ ಮಾತನಾಡಿದ್ದುಂಟು. ಸೂರೆ ಮಾಡಿದ್ದಕ್ಕೂ ಬೆಲೆ ಕೊಟ್ಟು ತಂದದ್ದಕ್ಕೂ ಅಜಗಜಾಂತರವೇ ಸರಿ. ಆದರೂ ದೀಪದ ಕೆಳಗೆ ಕುಳಿತಾಗ ಆ ಕೋಪ ಮೊದಲಿನಷ್ಟು ನಿರಾಯಾಸವಾಗಿ ಬರುವುದಿಲ್ಲ.

ದೀಪ ಬೆಳಗಿದ ಸಂಜೆ ಮೊಮ್ಮಗಳು ಸಿಹಿ ಬೇಕೆಂದಳು. ಸೊಸೆಯು ಪಿಂಗಾಣಿಯ ಬಟ್ಟಲಿನಲ್ಲಿ ನಾಲ್ಕು ಚಮಚ ಗೋಧಿಹಿಟ್ಟು, ಎರಡು ಚಮಚ ಬೆಲ್ಲದ ಪುಡಿ, ಚಿಟಿಕೆ ಅಡಿಗೆಸೋಡ, ಏಲಕ್ಕಿ, ಒಂದು ಚಮಚ ತುಪ್ಪ, ಹಾಲು ಇಷ್ಟನ್ನು ಕಲಸಿ ಮೈಕ್ರೋವೇವ್ ಒಲೆಯಲ್ಲಿಟ್ಟಳು. ಲೋಹವು ಆ ಅಲೆಗಳನ್ನು ಹಿಂದಕ್ಕೆ ಹೊಡೆಯುವುದರಿಂದ ನಮ್ಮ ಕಂಚಿನ ಬಟ್ಟಲಿಗೆ ಅಲ್ಲಿ ಪ್ರವೇಶವಿಲ್ಲ. "ಒಂದೂವರೆ ನಿಮಿಷ ಸಾಕು, ಮಾವ" ಎಂದಳು. ಒಂದೂವರೆ ನಿಮಿಷದಲ್ಲಾಗುವ ಸಿಹಿಯಲ್ಲಿ ಶ್ರದ್ಧೆಯೆಷ್ಟು, ಆದರವೆಷ್ಟು ಎಂದು ಉಪದೇಶಕ್ಕೆ ಬಾಯಿ ತೆರೆದವನು, ತಲೆಯ ಮೇಲಿನ ದೀಪವನ್ನು ನೋಡಿ ಸುಮ್ಮನಾದೆನು.

ಹೊತ್ತು ಕಡಮೆಯಾದದ್ದು ನಮಗೆ ಮಾತ್ರ. ಆ ಬೆಲ್ಲ ಪಾಂಡವಪುರದ ಕಡೆಯ ಆಲೆಮನೆಯದು. ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲಬೇಕು. ಹಾಲನ್ನು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ, ಸುಣ್ಣ ಹಾಕಿ, ನೊರೆ ತೆಗೆದು, ಹದ ನೋಡುವವನು ಬೆಂಕಿಯ ಝಳದಲ್ಲಿ ಬೆವರುತ್ತ ನಿಲ್ಲಬೇಕು. ವಿದ್ಯುತ್ತಿನ ಕಥೆಯೂ ಹೀಗೆಯೇ. 1902ರಲ್ಲಿ ಈ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅಲ್ಲಿಗೆ ನೀರು ಕುಂದದಿರಲೆಂಬುದೂ ಒಂದು ಕಾರಣವಾಗಿ 1911ರಲ್ಲಿ ಕಟ್ಟಲಾರಂಭಿಸಿದ ಕಟ್ಟೆಯ ಹಿನ್ನೀರಿನಲ್ಲಿ ಕನ್ನಂಬಾಡಿ ಗ್ರಾಮವೇ ಮುಳುಗಿತು. ಆ ಒಲೆಯಾದರೂ ಯುದ್ಧಕಾಲದ ರೇಡಾರಿನ ಸಂತತಿ. ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬಾತನು ಅದರ ಮ್ಯಾಗ್ನೆಟ್ರಾನಿನ ಮುಂದೆ ನಿಂತಿದ್ದಾಗ ಜೇಬಿನ ಮಿಠಾಯಿ ಕರಗಿತಂತೆ. 1945ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದನು. ವೈರಿಯ ವಿಮಾನವನ್ನು ಹುಡುಕುತ್ತಿದ್ದ ಉಪಕರಣ ಈಗ ಮಗುವಿಗೆ ಸಿಹಿ ಬೇಯಿಸುತ್ತದೆ. ಉಪಯೋಗವನ್ನು ಬದಲಿಸುವುದೇ ತಪ್ಪೆಂದು ನಾನು ಹೇಳಲಾರೆ. ಬೇರೆಯವರು ತೆತ್ತುದನ್ನು ಮರೆತು, ಅಗ್ಗವಾಯಿತು, ಬೇಗನಾಯಿತು ಎಂದು ಹಿಗ್ಗುವೆವಲ್ಲ, ನನಗೆ ತಪ್ಪು ಕಾಣುವುದು ಅಲ್ಲಿ. ಸಿಹಿ ಚೆನ್ನಾಗಿಯೇ ಇತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.

ಮೊಮ್ಮಗಳು ತಿನ್ನುತ್ತಲೇ ತಲೆಯೆತ್ತಿ ಅಕ್ಷರಗಳನ್ನು ಕೂಡಿಸಿ ಓದಿದಳು, "ತಾತ, ಇವರು ಯಾರು?" ಎಂದಳು. ಯಂತ್ರದಿಂದ ಮೆರುಗು ಕೊಡಿಸಿದರೆ ಅಕ್ಷರಗಳು ಸವೆದುಹೋಗುತ್ತವೆಂದು ಮಗನು ಸೂಚಿಸಿದ್ದನು. ನನ್ನ ಮನೆಯವರು ಸುತರಾಂ ಒಪ್ಪಲಿಲ್ಲ. ದೀಪವನ್ನು ಹಿಂದಕ್ಕೆ ಕೊಡೋಣವೆಂದರೆ, ಮಾರಿದವರು ಊರಿಗೆ ತಿಳಿಯದಂತೆ ಮಾರಿರಬಹುದು; ನಾನು ಹೊತ್ತುಕೊಂಡು ಹೋಗಿ ಅವರ ಬಾಗಿಲಲ್ಲಿ ನಿಂತರೆ ಅದು ಉಪಕಾರವೋ ಅಪಮಾನವೋ ತಿಳಿಯದು. ಅದೂ ತಳ ತೂತಾದ ದೀಪ.

ಬರುವ ತಿಂಗಳು ಬಂಧುಗಳ ಮನೆಯ ಮದುವೆಗಾಗಿ ಕೃಷ್ಣರಾಜಪೇಟೆಗೆ ಹೋಗುವುದಿದೆ. ಆ ಗ್ರಾಮವು ಬಸ್ಸಿನ ದಾರಿಯಲ್ಲಿಯೇ ಸಿಕ್ಕುವುದು. ಇಳಿಯಬೇಕೆಂದು ನನ್ನ ಮನೆಯವರ ಮತ, ನಾನಿನ್ನೂ ನಿಶ್ಚಯಿಸಿಲ್ಲ.