ಇನ್ನೊಬ್ಬರ ಬರಹವೆಂಬ ಅಮಾನತ್ತು

ಒಳ್ಳೆಯದನ್ನು ಕಂಡಾಗ ನಾಲ್ಕು ಜನರಿಗೆ ತೋರಿಸಬೇಕೆನಿಸುವುದು ಮನುಷ್ಯ ಸಹಜ. ಮನೆಯಲ್ಲಿ ಪಾಯಸ ಮಾಡಿದ ದಿನ ಪಕ್ಕದ ಮನೆಗೂ ಒಂದು ಬಟ್ಟಲು ಹೋಗುತ್ತದೆ. ಒಳ್ಳೆಯ ಬರಹ ಸಿಕ್ಕಾಗಲೂ ಅಷ್ಟೇ. ಹಿಂದೆ ಪತ್ರಿಕೆಯ ತುಣುಕು ಕತ್ತರಿಸಿ ಅಂಚೆಯಲ್ಲಿ ಗೆಳೆಯನಿಗೆ ಕಳಿಸುತ್ತಿದ್ದೆವು. ಆಮೇಲೆ ಬ್ಲಾಗುಗಳು ಬಂದವು, ಫೇಸ್‌ಬುಕ್ ಬಂತು. ಈಗ ಹೆಬ್ಬೆರಳು ಒತ್ತಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬರಹ ಇನ್ನೂರು ಜನರ ಕೈಯಲ್ಲಿರುತ್ತದೆ. ಇದೊಂದು ಪುಣ್ಯದ ಕೆಲಸ ಎಂದೇ ನಾನೂ ನಂಬಿದ್ದೆ. ಆ ನಂಬಿಕೆ ಅಲುಗಿದ್ದು ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕರಲ್ಲಿ ಒಂದು ತಾಲೂಕಿನ ಗೃಹಿಣಿಯೊಬ್ಬರು ತಮ್ಮ ದಿನಚರಿಯನ್ನು ಆಗಾಗ ಬರೆದು ಮೊಬೈಲಿನಲ್ಲಿ ಹಾಕುತ್ತಿದ್ದರು. ಯಾವ ತಾಲೂಕು ಎಂದು ಹೇಳುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ನಾಲ್ಕೂ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲಾಗಿ ನೇತು ಹಾಕಿ, ಹೊರಗಿನಿಂದ ಸೌದೆ ಉರಿಸಿ ಬೇಯಿಸಬೇಕು. ಐದಾರು ದಿನ ಹಗಲೂ ರಾತ್ರಿ ಬಿಸಿಯನ್ನು ಹಂತಹಂತವಾಗಿ ಏರಿಸುತ್ತ ಹೋಗಬೇಕು. ಕಾವಲು ಕೂತವರ ಕಣ್ಣು ಹತ್ತಿ ಬಿಸಿ ಹೆಚ್ಚು ಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆ ಮಹಿಳೆ ಬರೆದದ್ದು ಅಂಥ ಒಂದು ರಾತ್ರಿಯ ಬಗ್ಗೆ. ಗಂಡ ಮಲಗಿದ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತಾಗ ಮನಸ್ಸಿನಲ್ಲಿ ಓಡಿದ್ದನ್ನೆಲ್ಲ ಬರೆದಿದ್ದರು. ಸಾಲದ ಮಾತಿತ್ತು, ಮಗಳ ಓದಿನ ಮಾತಿತ್ತು. ಇನ್ನೊಂದು ಮಾತೂ ಇತ್ತು, ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

ಬರಹ ಎಷ್ಟು ಚೆನ್ನಾಗಿತ್ತೆಂದರೆ ಓದಿದ ಕೂಡಲೇ ಹತ್ತಾರು ಮಂದಿಗೆ ಕಳಿಸಿದೆ. ‘ಓದಲೇಬೇಕಾದ ಬರಹ’ ಎಂದು ಮೇಲೊಂದು ಸಾಲನ್ನೂ ಸೇರಿಸಿದೆ. ಎರಡು ದಿನದಲ್ಲಿ ಅದೇ ಬರಹ ಬೇರೆ ದಾರಿಯಿಂದ ನನಗೇ ವಾಪಸು ಬಂತು. ಹೆಸರು ಹಾರಿಹೋಗಿತ್ತು. ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ವಾರ ಕಳೆಯುವುದರೊಳಗೆ ಪೇಟೆಯಲ್ಲಿ ಚರ್ಚೆ ಶುರುವಾಯಿತು. ‘ಇದು ಯಾರ ಮನೆ ಕಥೆ?’ ಬ್ಯಾರನ್ನಿನ ಪಕ್ಕದ ಮರ, ಮಗಳು ಓದುವ ತರಗತಿ, ಇಷ್ಟು ಸಾಕಾಯಿತು ಜನರಿಗೆ. ಆಕೆ ಬರೆಯುವುದನ್ನು ನಿಲ್ಲಿಸಿದರು.

‘ಆಕೆಯೇ ಹಾಕಿದ್ದಲ್ಲವೇ? ಹಾಕಿದ ಮೇಲೆ ಎಲ್ಲರದ್ದೂ ತಾನೇ?’ ಎಂದು ನನ್ನ ಗೆಳೆಯರೊಬ್ಬರು ಸಮಾಧಾನ ಹೇಳಿದರು. ಕೇಳಲು ಸರಿಯೆನಿಸುವ ವಾದ. ಆದರೆ ಯಾರು ಓದುತ್ತಾರೆಂದು ಎಣಿಸಿ ಹಾಕಿದ್ದರು ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಬೆಂಗಳೂರಿನಂಥ ನಗರದಲ್ಲಿ ಓದುಗ ಎಂದರೆ ಬರೀ ಓದುಗ. ಕೆ.ಆರ್. ನಗರದಲ್ಲೋ ಪಿರಿಯಾಪಟ್ಟಣದಲ್ಲೋ ಓದುಗನೆಂದರೆ ನೆರೆಯವನು, ಸಾಲ ಕೊಟ್ಟವನು, ನಾದಿನಿಯ ಗಂಡ, ಮಗಳನ್ನು ನಾಳೆ ಕೇಳಿಕೊಂಡು ಬರಬೇಕಾದ ಬೀಗರು. ದೂರದ ಹತ್ತು ಅಪರಿಚಿತರಿಗೆ ಹೇಳಬಹುದಾದ ಮಾತನ್ನು ಹತ್ತಿರದ ಒಬ್ಬರಿಗೆ ಹೇಳಲಾಗದು. ಇದು ಕಪಟವಲ್ಲ, ಬದುಕುವ ರೀತಿ. ಆಕೆ ಕಂಡುಕೊಂಡಿದ್ದ ಆ ದೂರವನ್ನು ನಾನು ಒಂದು ಒತ್ತಿನಲ್ಲಿ ಅಳಿಸಿಬಿಟ್ಟೆ.

ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಪ್ರವಾದಿಯವರ(ಸ) ಒಂದು ವಚನ ವರದಿಯಾಗಿದೆ. ಮಾತಾಡಿದ ವ್ಯಕ್ತಿ ಅತ್ತಿತ್ತ ತಿರುಗಿ ನೋಡಿದನೆಂದರೆ ಆ ಮಾತು ಕೇಳಿಸಿಕೊಂಡವನ ಬಳಿ ಅಮಾನತ್ತು ಎಂಬುದು ಅದರ ಆಶಯ. ಗುಟ್ಟು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ಒಂದು ನೋಟ ಸಾಕು. ಬರಹಕ್ಕೂ ಅಂಥ ನೋಟವಿರುತ್ತದೆ. ಊರಿನ ಹೆಸರು ಬಿಟ್ಟಿರುವುದು, ಗಂಡನನ್ನು ‘ಅವರು’ ಎಂದಷ್ಟೇ ಕರೆದಿರುವುದು, ಇವೆಲ್ಲ ಬರೆದವಳು ಅತ್ತಿತ್ತ ನೋಡಿದ ಗುರುತುಗಳು. ಓದುವಾಗ ನನಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಕಾಣುವಷ್ಟು ಹೊತ್ತು ನಾನು ನಿಲ್ಲಲಿಲ್ಲ. ಪರರ ಮನೆಯೊಳಗೆ ಸಲಾಮ್ ಹೇಳಿ ಅನುಮತಿ ಪಡೆಯದೆ ಕಾಲಿಡಬಾರದು, ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂದು ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳು ಕಲಿಸುತ್ತವೆ. ಬಾಗಿಲು ತೆರೆದಿದೆ ಎಂಬುದೇ ಅನುಮತಿಯಲ್ಲ. ಅದೂ ಬೀದಿಯವರನ್ನೆಲ್ಲ ಕರೆದುಕೊಂಡು ಒಳಹೋಗಲು!

ಹಾಗಾದರೆ ಹಂಚುವುದೇ ತಪ್ಪೇ? ಇಲ್ಲ. ಹಂಚುವವರಿಲ್ಲದಿದ್ದರೆ ಎಷ್ಟೋ ದನಿಗಳು ಅಡುಗೆ ಮನೆಯಲ್ಲೇ ಆರಿಹೋಗುತ್ತಿದ್ದವು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಕನ್ನಡದ ಓದುಗರಿಗೇ ಒಂದು ಭಾಗ್ಯ. ಅಲ್ಲಿ ಬರೆದವರು ತಾವಾಗಿ ಕಳಿಸಿದ್ದರು, ಅಚ್ಚು ಹಾಕಿದವರು ಹೆಸರು ಹಾಕಿ ಅಚ್ಚು ಹಾಕಿದರು. ಆಮೇಲೆ ಎದ್ದ ಬಿರುಗಾಳಿ ಸಣ್ಣದಲ್ಲ, ಆದರೆ ಅದಕ್ಕೆ ಎದೆಯೊಡ್ಡುವ ನಿರ್ಧಾರ ಲೇಖಕಿಯದೇ ಆಗಿತ್ತು.

ಮಿರ್ಝಾ ಗಾಲಿಬರ ಪತ್ರಗಳ ಕಥೆ ಇನ್ನೂ ಹತ್ತಿರದ್ದು. ಉರ್ದು ಗದ್ಯದ ಸಂಪತ್ತು ಎಂದು ಇಂದು ನಾವು ಕೊಂಡಾಡುವ ಆ ಪತ್ರಗಳು ಗೆಳೆಯರಿಗೆ ಬರೆದ ಖಾಸಗಿ ಮಾತುಗಳು. 1858ರಲ್ಲಿ ಶಿಷ್ಯ ಹರಗೋಪಾಲ್ ತಫ್ತಾ ಮತ್ತಿತರರು ಅವನ್ನು ಅಚ್ಚು ಹಾಕುವ ಆಸೆ ಮುಂದಿಟ್ಟಾಗ ಗಾಲಿಬ್ ಒಪ್ಪಲಿಲ್ಲ. ಅವರು ಸುಮ್ಮನಾದರು. ವರ್ಷಗಳು ಕಳೆದು ಕವಿಯ ಮನಸ್ಸು ಬದಲಾದ ಮೇಲೆ ‘ಊದ್-ಎ-ಹಿಂದಿ’ ಸಂಕಲನ 1868ರಲ್ಲಿ ಹೊರಬಂತು. ನಡುವೆ ಹತ್ತು ವರ್ಷ. ಪತ್ರಗಳು ಕೈಯಲ್ಲೇ ಇದ್ದವು, ಅಚ್ಚುಕೂಟವೂ ಇತ್ತು, ಆದರೂ ಕಾದರು. ನಾನು ಹತ್ತು ನಿಮಿಷ ಕಾಯಲಿಲ್ಲ.

ಹೆಸರಿನ ವಿಷಯಕ್ಕೂ ಬರಬೇಕು. ಹದೀಸ್ ವಿದ್ವಾಂಸರು ಒಂದು ವಾಕ್ಯವನ್ನು ದಾಖಲಿಸುವ ಮೊದಲು ಯಾರಿಂದ ಕೇಳಿದ್ದು, ಅವರು ಯಾರಿಂದ ಕೇಳಿದ್ದು ಎಂಬ ಸರಪಳಿಯನ್ನು ಬರೆಯುತ್ತಿದ್ದರು. ಕೊಂಡಿ ಕಳಚಿದರೆ ಮಾತಿನ ತೂಕವೇ ಇಳಿಯುತ್ತಿತ್ತು. ನಮ್ಮ ಜನಪದ ಹಾಡುಗಳ ಎಷ್ಟೋ ಪುಸ್ತಕಗಳಲ್ಲಿ ಸಂಗ್ರಾಹಕರ ಹೆಸರು ಮುಖಪುಟದಲ್ಲಿದ್ದರೆ ಹಾಡಿದ ಅಜ್ಜಿಯ ಹೆಸರು ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಅಲ್ಲೂ ಇರುವುದಿಲ್ಲ. ಮೊಬೈಲಿನಲ್ಲಿ ‘ಕೃಪೆ: ವಾಟ್ಸ್‌ಆ್ಯಪ್’ ಎಂದು ಬರೆಯುವವರನ್ನು ಕಂಡರಂತೂ ನನಗೆ ನಗು ಬರುತ್ತದೆ. ಬರೆದದ್ದು ವಾಟ್ಸ್‌ಆ್ಯಪ್ ಅಲ್ಲವಲ್ಲ!

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಲಾರೆ. ಹೆಸರು ಹಾಕುವುದು ನ್ಯಾಯ ಎನ್ನುತ್ತೇನೆ, ಆದರೆ ಆಕೆಗೆ ಕುತ್ತು ತಂದದ್ದು ಗುರುತು ಸಿಕ್ಕಿದ್ದೇ. ಹೆಸರು ಅಳಿಸಿದರೆ ಕಳವು, ಉಳಿಸಿದರೆ ಬಯಲು. ಎಷ್ಟು ಯೋಚಿಸಿದರೂ ಇದನ್ನು ಹಂಚುವವನೊಬ್ಬನೇ ಕೂತು ಬಿಡಿಸಲಾರ. ಬರೆದವರನ್ನು ಕೇಳುವುದೊಂದೇ ದಾರಿ. ಅವರು ಸಿಗದಿದ್ದರೆ? ಓದಿ ಸಂತೋಷಪಟ್ಟು ಸುಮ್ಮನಿರುವುದು. ಓದುಗನಿಗೆ ಇದು ಕಷ್ಟದ ಕೆಲಸ, ನನಗೆ ಗೊತ್ತು.

ಪರಿಚಯದ ಶಿಕ್ಷಕಿಯೊಬ್ಬರ ಮೂಲಕ ಆಕೆಗೆ ಕ್ಷಮೆ ಕೇಳಿ ಹೇಳಿ ಕಳಿಸಿದೆ. ‘ಆಯಿತು ಬಿಡಿ, ಅಣ್ಣಾ’ ಎಂಬ ಉತ್ತರ ಬಂತು. ಆ ಬರಹವನ್ನು ಬೇರೆ ಹೆಸರಿನಲ್ಲಿ, ಗುರುತುಗಳನ್ನು ತೆಗೆದು, ಪೂರ್ತಿಯಾಗಿ ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಿಗೆಯಿದೆಯೇ ಎಂದು ಮತ್ತೆ ಕೇಳಿಸಿದೆ. ಅದಕ್ಕೆ ಈವರೆಗೆ ಉತ್ತರವಿಲ್ಲ. ಹಾಗಾಗಿ ಆಕೆಯ ಒಂದು ವಾಕ್ಯವೂ ಈ ಲೇಖನದಲ್ಲಿಲ್ಲ.