ಮರೆವಿನ ಮನೆಯಲ್ಲಿ ದಾಸೋಹ

ಗೃಹಸ್ಥಾಶ್ರಮದಲ್ಲಿ ಸತಿಪತಿಗಳು ಒಬ್ಬರನ್ನೊಬ್ಬರು ಸಹಿಸಬೇಕಾದ ಸಂದರ್ಭಗಳು ಅನೇಕವಾಗಿ ಒದಗುತ್ತವೆ. ಬಡತನವನ್ನು ಸಹಿಸಬಹುದು, ದೇಹದ ಬೇನೆಯನ್ನು ಸಹಿಸಬಹುದು. ಆದರೆ ಒಂದೇ ಮಾತನ್ನು ದಿನಕ್ಕೆ ನಲವತ್ತು ಸಲ ಕೇಳಿ, ನಲವತ್ತನೆಯ ಸಲವೂ ಮೊದಲಿನಂತೆಯೇ ಉತ್ತರಿಸುವುದು ಸಾಮಾನ್ಯವಾದ ತಪಸ್ಸಲ್ಲ. ಮುಪ್ಪಿನಲ್ಲಿ ಮರೆವಿನ ರೋಗವು ಹೊಕ್ಕ ಮನೆಗಳಲ್ಲಿ ಈ ತಪಸ್ಸು ನಿತ್ಯವೂ ನಡೆಯುತ್ತಲಿದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಒಕ್ಕಲುತನ ಮಾಡಿ ಬಾಳಿದ ವೃದ್ಧನೊಬ್ಬನನ್ನು ಭಾವಿಸಬಹುದು. ಗದ್ದೆಯನ್ನು ಮಕ್ಕಳಿಗೆ ಹಂಚಿ ವರುಷಗಳಾಗಿವೆ. ಆದರೂ ಆತನು ಮಡದಿಯನ್ನು ಕೇಳುತ್ತಾನೆ: “ನಾಲೆಗೆ ನೀರು ಬಿಟ್ಟರೇ?” ಆಕೆ ಹೇಳುತ್ತಾಳೆ, ಆತನು ತಲೆದೂಗುತ್ತಾನೆ, ಗಳಿಗೆ ಕಳೆಯುವಷ್ಟರಲ್ಲಿ ಮತ್ತದೇ ಪ್ರಶ್ನೆ. ಹೊತ್ತು ಮುಳುಗಿದರೆ ತಳಮಳ ಹೆಚ್ಚು. ನಡುರಾತ್ರಿಯಲ್ಲಿ ಎದ್ದು ಗದ್ದೆಗೆ ಹೊರಡುತ್ತಾನೆ. ಹತ್ತನೆಯ ಸಲ ಆಕೆಯ ದನಿ ಗಡುಸಾಗುತ್ತದೆ. ಕಾರಣವರಿಯದ ಆತನು ಬೈಸಿಕೊಂಡ ಮಗುವಿನಂತೆ ಮುದುಡುತ್ತಾನೆ. ಆಕೆ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾಳೆ. ಇಲ್ಲಿ ಅಪರಾಧಿ ಯಾರು? ಇಬ್ಬರೂ ಅಲ್ಲ.

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಈ ಸ್ಥಿತಿಯು ಹಟವಲ್ಲ, ಪೂರ್ವಕರ್ಮದ ದಂಡನೆಯೂ ಅಲ್ಲ, ಮೆದುಳಿನ ವ್ಯಾಧಿ. ಇದರ ಮುಖ್ಯ ಬಗೆಯನ್ನು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ವಿದ್ವತ್ಸಭೆಯ ಮುಂದೆ ವಿವರಿಸಿದರು. ಈ ಬಗೆಯಲ್ಲಿ ಹೊಸದನ್ನು ನೆನಪಿನಲ್ಲಿ ನಿಲ್ಲಿಸುವ ಭಾಗವೇ ಮೊದಲು ಸವೆಯುತ್ತದೆ. ಬದು ಒಡೆದ ಗದ್ದೆಯಲ್ಲಿ ಇಂದು ಹಾಯಿಸಿದ ನೀರು ನಿಲ್ಲದು. ಹಳೆಯ ಕೆರೆಯ ನೀರು ಮಾತ್ರ ಇನ್ನೂ ಕೆಲಕಾಲ ಉಳಿದಿರುತ್ತದೆ. ಆದುದರಿಂದ ಮಡದಿಗೆ ಅದು ನಲವತ್ತನೆಯ ಪ್ರಶ್ನೆ, ಆತನಿಗೆ ಪ್ರತಿಸಲವೂ ಮೊದಲನೆಯದು. “ಈಗ ತಾನೇ ಹೇಳಿದೆನಲ್ಲ” ಎಂಬ ಮಾತು ಆತನಿಗೆ ನೆನಪನ್ನು ಕೊಡಲಾರದು, ನೋವನ್ನು ಮಾತ್ರ ಕೊಡಬಲ್ಲದು.

ಹಾಗಾದರೆ ಮಾಡತಕ್ಕದ್ದೇನು? ಉತ್ತರವು ಚಿಕ್ಕದಾಗಿರಲಿ, ದನಿಯು ಮೆತ್ತಗಿರಲಿ. ಪ್ರಶ್ನೆಯ ಹಿಂದೆ ಬಾಯಾರಿಕೆ, ಮೂತ್ರಬಾಧೆ, ಮೈನೋವು, ಭಯಗಳಿವೆಯೇ ಎಂದು ಅರಿಯಬೇಕು. ಕೈಗೆ ಪರಿಚಿತವಾದ ಕೆಲಸ ಕೊಡಬೇಕು. ಅವರೆಕಾಯಿ ಸುಲಿಯುವುದು, ಬಟ್ಟೆ ಮಡಿಸುವುದು, ವಿಭೂತಿಯ ತಟ್ಟೆಯನ್ನು ಅಣಿಮಾಡುವುದು ಇವು ಮನಸ್ಸಿಗೆ ನೆಲೆ ಕೊಡುತ್ತವೆ. ತೀರಿಹೋದ ತಾಯಿಯನ್ನು ಕೇಳಿದರೆ ಪ್ರತಿಸಲವೂ ಸಾವನ್ನು ಸಾರಿ ಹೊಸ ದುಃಖವನ್ನುಂಟುಮಾಡಬೇಕಾದುದಿಲ್ಲ. ಸುಳ್ಳನ್ನು ಕಟ್ಟಬೇಕಾದುದೂ ಇಲ್ಲ. ಆ ತಾಯಿಯ ಅಡಿಗೆ, ಅಕ್ಕರೆಗಳ ಮಾತನ್ನು ಎತ್ತಬಹುದು. ಅದು ಸತ್ಯವೂ ಹೌದು, ದಯೆಯೂ ಹೌದು.

ಇದಕ್ಕೆ ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆಗಳಿಂದಲೂ ಮರೆವು ಬರುವುದುಂಟು; ಅವಕ್ಕೆ ಚಿಕಿತ್ಸೆಯಿದೆ. ಒಮ್ಮೆಲೇ ಬಂದ ಗಲಿಬಿಲಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ದೂರದವಲ್ಲ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯೂ ಉಂಟು.

ಇಷ್ಟರಿಂದ ಧರ್ಮವು ಮುಗಿಯಲಿಲ್ಲ. ಪಂಚಾಕ್ಷರಿಯನ್ನು ನೂರೆಂಟು ಸಲ ಜಪಿಸುವ ಭಕ್ತನು, ಹೇಳಿದ್ದನ್ನೇ ಹೇಳುತ್ತಿರುವೆನೆಂದು ಬೇಸರಪಡನು. ಹಾಗೆಯೇ ಆ ತಾಯಿಯ ಒಂದೊಂದು ಉತ್ತರವೂ ಜಪವೆಂದು ಹೊಗಳುವುದು ಸುಲಭ. ಆದರೆ ಜಪಕ್ಕೆ ಕುಳಿತವನು ಜಪ ಮುಗಿಸಿ ಏಳಬಲ್ಲನು. ಆಕೆಗೆ ಏಳುವ ಹೊತ್ತೇ ಇಲ್ಲ. ಆಕೆಯ ಸಿಡುಕನ್ನು ಪಾಪವೆಂದು ಎಣಿಸುವವರು, ಆಕೆ ಎಷ್ಟು ಇರುಳು ನಿದ್ದೆಗೆಟ್ಟಿದ್ದಾಳೆಂಬುದನ್ನು ಮೊದಲು ಎಣಿಸಲಿ. ರೋಗಿಯು ಗಂಡನಲ್ಲದೆ ಹೆಂಡತಿಯಾದಾಗಲೂ ಇದೇ ನ್ಯಾಯ. ಸೇವೆಯು ಹೆಣ್ಣಿನ ಪಾಲಿಗೆ ಮಾತ್ರ ಬಂದ ಕಾಯಕವಲ್ಲ.

ದಾಸೋಹವೆಂದರೆ ಒಬ್ಬರ ಬೆನ್ನಿನ ಮೇಲೆ ಎಲ್ಲರ ಹೊರೆಯನ್ನು ಹೊರಿಸುವುದಲ್ಲ. ಪಟ್ಟಣದಲ್ಲಿರುವ ಮಗನು ಹಣ ಕಳುಹಿಸಿದರೆ ಸಾಲದು, ತಿಂಗಳಿಗೆ ನಾಲ್ಕು ದಿನವಾದರೂ ತಂದೆಯ ಮಗ್ಗುಲಲ್ಲಿ ಮಲಗಲಿ. ನೆರೆಮನೆಯವರು ಸಂಜೆ ಒಂದು ತಾಸು ಜಗುಲಿಯಲ್ಲಿ ಕುಳಿತು, ನಾಲೆಯ ನೀರಿನ ಪ್ರಶ್ನೆಗೆ ತಾವು ಉತ್ತರಿಸಲಿ. ಹಿರಿಯನು ಹಾದಿತಪ್ಪಿ ನಡೆದರೆ ಊರವರು ನಗದೆ ಕೈಹಿಡಿದು ಮನೆಗೆ ಮುಟ್ಟಿಸಲಿ. ಅಷ್ಟು ಹೊತ್ತು ಆ ಮಡದಿಯು ನಿಶ್ಚಿಂತೆಯಿಂದ ಸ್ನಾನಮಾಡಿ, ಲಿಂಗಪೂಜೆ ಮುಗಿಸಿ, ಬಿಸಿಯಾಗಿ ಉಂಡು ಕಣ್ಮುಚ್ಚಲಿ.

ಪ್ರಸಾದಕ್ಕೆ ಬಂದವರನ್ನು ನಿನ್ನೆಯೂ ಬಂದಿದ್ದೆಯಲ್ಲವೇ ಎಂದು ದಾಸೋಹದ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹಸಿವು ಇಂದಿನದು, ಅನ್ನವೂ ಇಂದಿನದೇ. ಮರೆತವರ ಪ್ರಶ್ನೆಯನ್ನೂ ಸದ್ಭಕ್ತರು ಆ ಹಸಿವಿನಂತೆಯೇ ಕಂಡು, ಸರದಿಯಿಂದ ಬಡಿಸತಕ್ಕದ್ದು.